ಎರವಲು ಪುಸ್ತಕ

ಗ್ರಿಮ್ಸ್‌ಬಿಯ ಈ ಶಾಲೆಯ ಆಫೀಸಿನಲ್ಲಿ
ತಡವಾಗಿ ಬಂದವರ ಹೆಸರು, ಕಳೆದುಹೋದ ಕೈಗವಸು,
ಊಟದ ಬಾಕಿ, ಹೇನಿನ ಚೀಟಿ,
ಎಲ್ಲದರ ಲೆಕ್ಕ ನನ್ನ ಬಳಿ.
ಮೇಜಿನ ಕೆಳಗೆ, ಹೀಟರಿಗೆ ತಾಗದ ಹಾಗೆ,
ಹಗಲೆಲ್ಲ ಒಂದು ಕಾರ್ನೆಟ್ಟು.

ಒಂದೇ.
ಮೀನುಬಂದರಿನ ಹಳೇ ಬ್ಯಾಂಡಿನದು.
ದೋಣಿ ನಿಂತವು, ಬ್ಯಾಂಡಿಗೆ ಮುಪ್ಪು ಬಂತು,
ಕೊನೆಗುಳಿದವರು ಯಾರೋ ಪ್ಲಾಸ್ಟಿಕ್ ಚೀಲದಲ್ಲಿಟ್ಟು
ಬಾಗಿಲಲ್ಲಿ ಬಿಟ್ಟುಹೋದರು,
ಬೆಕ್ಕಿನ ಮರಿ ಬಿಟ್ಟುಹೋಗುವಂತೆ.
ಎರಡನೇ ಗುಂಡಿ ಒತ್ತಿದರೆ ಮೇಲೇಳುವುದಿಲ್ಲ,
ಸೋಮವಾರದ ನನ್ನ ಹಾಗೆ.

ಮೊದಲು ಮಿಸ್ ಪೆಟ್ಚೆಲ್ ಇಡೀ ದಿನ ಬರುತ್ತಿದ್ದಳು.
ಆಮೇಲೆ ಅರ್ಧ ದಿನ.
ಈಗ ಗುರುವಾರ ಇಪ್ಪತ್ತು ನಿಮಿಷ,
ಅದರಲ್ಲಿ ನಾಲ್ಕು ಕಾರು ನಿಲ್ಲಿಸುವುದಕ್ಕೆ.
ಪಾಠ, ನೆಲ ಒರೆಸುವ ಕೋಲುಗಳ ಕೋಣೆಯಲ್ಲಿ.
ಫಿನಾಯಿಲ್ ವಾಸನೆಯೊಳಗಿಂದ ಒಂದು ಸ್ವರ ಎದ್ದು
ಹೊರಡಲೋ ಬೇಡವೋ ಎಂದು
ಬಾಗಿಲ ಸಂದಿಯಲ್ಲಿ ನಿಲ್ಲುತ್ತದೆ.

ಎರವಲು ಪುಸ್ತಕದಲ್ಲಿ ನಾನು ಬರೆದದ್ದು:
ಸೋಮ, ಮಂಗಳ, ಉಗ್ನೆ.
ಕೆಳಮನೆಯವರಿಗೆ ರಾತ್ರಿಪಾಳಿ, ಸಂಜೆಯವರೆಗೆ ನಿದ್ದೆ;
ಅದಕ್ಕೇ ಬಟ್ಟೆಯ ಅಲಮಾರಿಯೊಳಗೆ ಕೂತು
ಅಪ್ಪನ ಚಳಿಕೋಟಿನ ತೋಳಿಗೆ ಊದುತ್ತಾಳೆ.
ಬುಧ, ಗುರು, ಟೆಗನ್.
ಮುಂದಿನ ಹಲ್ಲು ಬಿದ್ದಿದೆ.
ಬರುವವರೆಗೆ ಬೇರೆಯವರಿಗೆ ಕೊಡಲೇ ಎಂದೆ.
ಮಾತಾಡಲಿಲ್ಲ, ಪೆಟ್ಟಿಗೆ ತಬ್ಬಿಕೊಂಡಳು.
ಶುಕ್ರದಿಂದ ಭಾನು, ಬ್ರೋಡಿ.
ಅವನ ಅಜ್ಜಿ ಸಹಿ ಹಾಕುವಾಗ
'ಇದನ್ನು ಅಡವಿಡುವುದಿಲ್ಲ' ಎಂದು
ಯಾರೂ ಕೇಳದಿದ್ದರೂ ಬರೆದುಕೊಟ್ಟಳು.

ಕಳೆದ ತಿಂಗಳ ಸಭೆಯಲ್ಲಿ ಕೌನ್ಸಿಲಿನವರು
ಬಹಳ ನಯವಾಗಿ, ಪರದೆಯ ಮೇಲೆ ಬಣ್ಣದ ಕಂಬ ತೋರಿಸಿ,
ಓದು ಮೊದಲು, ಲೆಕ್ಕ ಮೊದಲು, ಸೋರುವ ಸೂರು ಮೊದಲು
ಎಂದರು. ನನಗೆ ಕೇಳಿಸಿದ್ದು ನಮ್ಮದೇ ಗಾದೆ:
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.
ಚಿಕ್ಕವಳಿದ್ದಾಗ ಇದಕ್ಕೆ ನಾನೂ ನಕ್ಕವಳೇ.
ಈಗ ನೋಡಿದರೆ, ಇದನ್ನು ಹೇಳುವವರದು
ಹೊಟ್ಟೆಯೂ ತುಂಬಿರುತ್ತದೆ, ಜುಟ್ಟಿನಲ್ಲಿ ಹೂವೂ ಇರುತ್ತದೆ.
ಸಭೆಯಲ್ಲಿ ಹೇಳಲಿಲ್ಲ.
ಟಿಪ್ಪಣಿ ಬರೆಯುವುದಷ್ಟೇ ನನ್ನ ಕೆಲಸ.
ಮಲ್ಲಿಗೆಗೆ ಅವರ ಭಾಷೆಯಲ್ಲಿ ಹೆಸರಿದೆ,
ಜುಟ್ಟಿಗೆ ತಕ್ಕ ಮಾತು ಹೊಳೆಯಲಿಲ್ಲ.

ಇನ್ನು ರೂಬೆನ್.
ಅವನ ಪಾಲಿಗೆ ವಾರದಲ್ಲಿ ದಿನವೇ ಉಳಿದಿರಲಿಲ್ಲ.
ಪೆಟ್ಟಿಗೆ ಹೊರುವ ಕೆಲಸ ತಾನೇ ಕೇಳಿ ಪಡೆದ.
ನಾಲ್ಕು ಗಂಟೆಗೆ, ಮುಚ್ಚಿದ ಅಂಗಡಿಗಳ ಸಾಲು ದಾಟಿ,
ಉಪ್ಪುಗಾಳಿಗೆ ತಲೆ ತಗ್ಗಿಸಿ,
ಯಾರ ದಿನವೋ ಅವರ ಮನೆಗೆ.
ಮುಟ್ಟಿಸಿದ ಮೇಲೂ ಮೆಟ್ಟಿಲ ಮೇಲೆ ಕೂತಿರುತ್ತಾನಂತೆ,
ಒಳಗಿನ ಅಭ್ಯಾಸ ಮುಗಿಯುವವರೆಗೆ.
'ನಿನಗೆ ಊದಲು ಬರುತ್ತದೇನೋ?'
'ಇಲ್ಲ ಮಿಸ್. ನಾನು ಹೊರುವವನು.'

ಮೊನ್ನೆ ಗುರುವಾರ ಊಟದ ಬಾಕಿ ಕೂಡಿಸುತ್ತಿದ್ದೆ.
ಖಾಲಿ ಪೆಟ್ಟಿಗೆ ತೊಡೆಯ ಮೇಲಿಟ್ಟು ಬೆಂಚಿನಲ್ಲಿ ಕೂತಿದ್ದ.
ಹಿಡಿಕೆಯ ಮೇಲೆ ಮೂರು ಬೆರಳು,
ಒಂದು ಕೆಳಗೆ, ಎರಡು ಕೆಳಗೆ, ಎಲ್ಲ ಮೇಲೆ.
ಗೋಡೆಯಾಚೆ ಟೆಗನ್ ತಡವರಿಸಿದಳು.
ಅವನ ಬೆರಳು ತಡವರಿಸಲಿಲ್ಲ.
ನಿಂತು ಕಾದವು,
ರಸ್ತೆ ದಾಟುವಾಗ ತಂಗಿಗೆ ಕಾಯುವ ಹಾಗೆ.
ನಾನು ಕೂಡುವುದು ತಪ್ಪಿತು, ಮೊದಲಿಂದ ಕೂಡಿಸಿದೆ.

ವಾದ್ಯ ಕಲಿಯುತ್ತಿರುವ ಮಕ್ಕಳೆಷ್ಟು?
ಇಲಾಖೆಯ ನಮೂನೆ ಕೇಳುತ್ತಿತ್ತು.
ನಾಲ್ಕು.
ಶಾಲೆಯಲ್ಲಿರುವ ವಾದ್ಯ?
ಒಂದು.
ಕಂಪ್ಯೂಟರು ಕೆಂಪು ಗೆರೆ ಎಳೆದು
'ಮತ್ತೊಮ್ಮೆ ಪರಿಶೀಲಿಸಿ' ಎಂದಿತು.
ಬೆಂಚಿನ ಕಡೆ ಮತ್ತೊಮ್ಮೆ ನೋಡಿದೆ,
ಹಾಗೇ ಕಳುಹಿಸಿದೆ.

ಉತ್ತರ ಬಂದಿಲ್ಲ.
ಬ್ರೋಡಿಯ ಅಜ್ಜಿ ಫೋನು ಮಾಡಿದ್ದಳು:
ಭಾನುವಾರ ಊಟವಾದ ಮೇಲೆ ಇವನು ಟೀವಿಯ ಮುಂದೆ ಬಿದ್ದಿರುತ್ತಾನೆ,
ಮೆಟ್ಟಿಲ ಮೇಲಿನ ಹುಡುಗ ಒಳಗೆ ಬರಲಿ.
ಪುಸ್ತಕದಲ್ಲಿ ಒಂದು ಸಾಲು ಸೇರಿಸಿದೆ,
ಪೆನ್ಸಿಲಿನಲ್ಲಲ್ಲ.

ಆ ಎರಡನೇ ಗುಂಡಿಗೆ ಎಣ್ಣೆ ತರಬೇಕು,
ಮೂರು ಪೌಂಡು ನಲವತ್ತು.
ಯಾವ ಲೆಕ್ಕಕ್ಕೆ ಬರೆಯುವುದು?
ಹೇನಿನ ಬಾಬಿನಲ್ಲಿ ಸ್ವಲ್ಪ ಮಿಕ್ಕಿದೆ.
ಅದೂ ಜುಟ್ಟಿನ ಖರ್ಚೇ ತಾನೆ.